ಸುಕನ್ಯಾ ಮುಚ್ಚಿದ ಪ್ರಕರಣ

ನನ್ನ ಗಂಡ ಚೆನ್ನಪ್ಪನವರು ಜೀವನದಲ್ಲಿ ಉಳಿತಾಯ ಮಾಡಿದ್ದು ಒಂದೇ ಒಂದು ಪದವನ್ನು. ಆ ಒಂದು ಪದದ ದೆಸೆಯಿಂದ ಪೊಲೀಸ್ ಜೀಪು ಬಂತು, ಕದ್ರಿಯಿಂದ ಅತ್ತಿಗೆ ಬಂದರು, ಮುನ್ನೂರು ಸಾಬೂನುಗಳು ನೆಲಕ್ಕೆ ಬಿದ್ದವು. ಆ ಪದ 'ಟಾಕೀಸ್'.

ತೊಕ್ಕೊಟ್ಟು ದಾಟಿ ಎರಡನೇ ಸ್ಟಾಪಿನಲ್ಲಿ ಇಳಿದರೆ ಎದುರಿಗೇ ಒಂದು ದೊಡ್ಡ ಬಜಾರು. ಅಕ್ಕಿ, ಬೇಳೆ, ಬಕೇಟು, ಬನಿಯನು ಎಲ್ಲವೂ ಒಂದೇ ಸೂರಿನಡಿ. ಹನ್ನೊಂದು ವರ್ಷದ ಹಿಂದೆ ಅದೇ ಸೂರಿನಡಿ ಸುಕನ್ಯಾ ಟಾಕೀಸ್ ಇತ್ತು. ಮುಚ್ಚಿದ ಮೇಲೆ ಕಟ್ಟಡ ಕೆಲವು ವರ್ಷ ಹಾಸಿಗೆಗಳ ಗೋದಾಮಾಯಿತು, ಮದುವೆ ಹಾಲಾಯಿತು. ಇಳಿಜಾರು ನೆಲದಲ್ಲಿ ಊಟದ ಮೇಜುಗಳು ಮದುಮಗನ ಕಡೆಗೇ ಜಾರತೊಡಗಿದ್ದರಿಂದ ಮದುವೆಗಳು ನಿಂತವು. ಈಗ ಪರದೆ ಇದ್ದಲ್ಲಿ ಸಾಬೂನು, ಬಾಲ್ಕನಿಯಲ್ಲಿ ಕುಚ್ಚಲಕ್ಕಿ. ಬಜಾರಿನವರು ನೆಲ ಸಮ ಮಾಡಿಸಿದ್ದಾರೆ, ಆದರೆ ಪೂರ್ತಿ ಆಗಿಲ್ಲ. ಕೈಬಿಟ್ಟ ಟ್ರಾಲಿ ಹಳೆಯ ಅಭ್ಯಾಸದಿಂದಲೋ ಎಂಬಂತೆ ಮೆಲ್ಲನೆ ಪರದೆಯತ್ತ ಹೊರಡುತ್ತದೆ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ನಮ್ಮ ಊರವರು ಅದನ್ನು ಯಾವತ್ತೂ 'ಸುಕನ್ಯಾ' ಎನ್ನುತ್ತಿದ್ದರು, ಟಾಕೀಸ್ ಎಂದು ಸೇರಿಸುತ್ತಿರಲಿಲ್ಲ. ಬಸ್ ಕಂಡಕ್ಟರುಗಳು 'ಟಾಕೀಸ್, ಟಾಕೀಸ್' ಎಂದು ಕೂಗುತ್ತಿದ್ದರು, ಸುಕನ್ಯಾ ಎನ್ನುತ್ತಿರಲಿಲ್ಲ. ಸ್ಟಾಪಿಗೆ ಈಗಲೂ ಅದೇ ಹೆಸರು. ಎರಡು ಪದಗಳೂ ಒಟ್ಟಿಗೆ ಇದ್ದದ್ದು ಬೋರ್ಡಿನಲ್ಲಿ ಮಾತ್ರ. ಬೋರ್ಡು ಗುಜರಿಗೆ ಹೋಯಿತು.

ಇವರು ಅಲ್ಲಿ ಇಪ್ಪತ್ತೆರಡು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದರು. ಆಮೇಲೆ ಕೇಬಲ್ ಟಿವಿ ಆಫೀಸು, ಮದುವೆ ವಿಡಿಯೋದವರಿಗೆ ಲೈಟು ಹಿಡಿಯುವುದು, ನೀರಿನ ಫಿಲ್ಟರ್ ಮಾರುವುದು ಎಲ್ಲ ಆಗಿ, ಕಳೆದ ಮಳೆಗಾಲದಿಂದ ಮನೆಯಲ್ಲಿದ್ದರು. ಕೈ ಸುಮ್ಮನಿರುವ ಜಾತಿಯಲ್ಲ. ಫ್ಯಾನು ಬಿಚ್ಚಿದರು, ಮಿಕ್ಸಿ ಬಿಚ್ಚಿದರು, ಕಾಲಿಂಗ್ ಬೆಲ್ ಬಿಚ್ಚಿದರು. ಮತ್ತೆ ಜೋಡಿಸಿದ ಮೇಲೆ ಯಾರಾದರೂ ಬೆಲ್ ಒತ್ತಿದರೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿತ್ತು. ನಾನು ಸಹಕಾರಿ ಸಂಘದಲ್ಲಿ ಕುಳಿತು ಲೆಡ್ಜರು ಬರೆಯುತ್ತಿದ್ದರೂ ಮನಸ್ಸು ಮನೆಯ ಗ್ಯಾಸ್ ಸ್ಟವಿನ ಮೇಲೆ. ಅದೊಂದು ಇನ್ನೂ ಬಿಚ್ಚದೆ ಉಳಿದಿತ್ತು.

ಅಂಥ ಹೊತ್ತಿಗೆ ಬಜಾರಿನಲ್ಲಿ ಸಿಸಿ ಕ್ಯಾಮೆರಾ ನೋಡಿಕೊಳ್ಳುತ್ತಿದ್ದವನು ಕತಾರಿಗೆ ಹೋದ. ಕ್ಯಾಮೆರಾದ ಕೋಣೆ ಯಾವುದೆಂದರೆ ಹಳೆಯ ಪ್ರೊಜೆಕ್ಟರ್ ಕ್ಯಾಬಿನ್ನೇ. ಸುದ್ದಿ ಕೇಳಿದ ದಿನ ಇವರು ಎರಡು ಸಲ ಸ್ನಾನ ಮಾಡಿದರು.

"ಬಾಗಿ, ಅದು ನನ್ನದೇ ಕ್ಯಾಬಿನ್. ಬೇರೆಯವ ಹೋಗಿ ಕೂತ್ರೆ ನಾನು ಈ ಬದಿಯಲ್ಲಿ ನಡೀಲಿಕ್ಕಿಲ್ಲ, ಹೇಳಿದ್ದೇನೆ."

ಮ್ಯಾನೇಜರ್ ರೂಬನ್ ಹೊರಗಿನಿಂದ ಬಂದ ಇಪ್ಪತ್ತಾರರ ಯುವಕ. ಅವನಿಗೆ ಆ ಕಟ್ಟಡ 'ಸ್ಟೋರ್ ನಂಬರ್ ಮೂವತ್ತೊಂದು'. ಅದಕ್ಕಿಂತ ಹಿಂದಿನ ಹೆಸರು ಅವನ ಕಂಪ್ಯೂಟರಿನಲ್ಲಿ ಇರಲಿಲ್ಲ. "ಅಂಕಲ್, ಕೆಲಸ ಕೊಡ್ಲಿಕ್ಕೆ ನನಗೇನೂ ತೊಂದರೆ ಇಲ್ಲ. ಸೆಕ್ಯುರಿಟಿ ಪೋಸ್ಟ್ ಅಲ್ವಾ, ಪೊಲೀಸ್ ವೆರಿಫಿಕೇಶನ್ ಬೇಕು. ಸೋಮವಾರದ ಒಳಗೆ ಪೇಪರ್ ಬರದಿದ್ರೆ ಹೆಡ್ ಆಫೀಸಿನವರು ಬೇರೆ ಜನ ಕಳಿಸ್ತಾರೆ," ಎಂದು ಫಾರಂ ಕೊಟ್ಟ.

ಮಂಗಳವಾರ ಇಬ್ಬರೂ ಫಾರಂ ಮುಂದೆ ಕುಳಿತೆವು. 'ಹಿಂದಿನ ಕೆಲಸ' ಎಂಬಲ್ಲಿ ಇವರು 'ಸುಕನ್ಯಾ, 22 ವರ್ಷ' ಎಂದು ಬರೆದರು. 'ಬಿಟ್ಟ ಕಾರಣ' ಎಂಬಲ್ಲಿ 'ಸುಕನ್ಯಾ ಮುಚ್ಚಿದ್ದು' ಎಂದು ಬರೆದು ಪೆನ್ನಿಗೆ ಟೋಪಿ ಹಾಕಿದರು.

"ಟಾಕೀಸ್ ಅಂತ ಸೇರಿಸಿ," ಎಂದೆ.

"ಯಾಕೆ?"

"ಓದುವವರಿಗೆ ಗೊತ್ತಾಗ್ಲಿಕ್ಕೆ."

ಇವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸುಕನ್ಯಾ ಅಂದ್ರೆ ಸಾಕು. ಯಾರಿಗೆ ಗೊತ್ತಿಲ್ಲ? ಸಮುದ್ರಕ್ಕೆ ಯಾರಾದ್ರೂ 'ನೀರಿನ ಸಮುದ್ರ' ಅಂತ ಹೇಳ್ತಾರಾ? ನಿನ್ನ ಬಿ.ಎ. ನೀನೇ ಇಟ್ಕೊ."

ನಾನು ಬಿ.ಎ. ಇಟ್ಟುಕೊಂಡೆ.

ಗುರುವಾರ ಬೆಳಿಗ್ಗೆ ಪೇದೆ ಬಂದರು. ಹೆಸರು ಯಮನೂರಪ್ಪ, ಬಾದಾಮಿ ಕಡೆಯವರು, ನಮ್ಮ ಊರಿಗೆ ಬಂದು ನಾಲ್ಕು ತಿಂಗಳು. ಮೊದಲಕ್ಷರಗಳಲ್ಲೇ ಯಮನಿರುವುದನ್ನು ನಾನು ಎದೆಪಟ್ಟಿಯಲ್ಲಿ ಓದಿ ಆಗಲೇ ಹೆದರಿದ್ದೆ. ಇವರು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಲು ಸ್ಟುಡಿಯೋಗೆ ಹೋಗಿದ್ದರು. ಯಮನೂರಪ್ಪನವರು "ನೆರೆಹೊರೆಯವರನ್ನ ಕೇಳ್ಕೊಂಡ ಬರ್ತೀನ್ರಿ" ಎಂದು ಹೊರಟರು. ಪೊಲೀಸರ ಹಿಂದೆ ಹೋಗುವುದು ಸರಿಯಲ್ಲ. ಆದ್ದರಿಂದ ನಾನು ಲಿಂಬೆಹುಳಿ ತರಲು ಚೀಲ ಹಿಡಿದು ಅದೇ ದಿಕ್ಕಿಗೆ ಹೊರಟೆ.

ಅವರು ನಿಂತದ್ದು ಹಸನಬ್ಬ ಬ್ಯಾರಿಗಳ ಶರಬತ್ತಿನ ಗೂಡಂಗಡಿಯಲ್ಲಿ. ಬ್ಯಾರಿಗಳು ಹಿಂದೆ ಟಾಕೀಸಿನ ಕ್ಯಾಂಟೀನಿನಲ್ಲಿ ಗೋಳಿಬಜೆ, ಸೋಡ ಮಾರುತ್ತಿದ್ದವರು. ಫಾರಂನಲ್ಲಿ ಪರಿಚಯದವರೆಂದು ಅವರ ಹೆಸರೇ ಇತ್ತು. ನಾನು ನೇತುಹಾಕಿದ ಬಾಳೆಗೊನೆಯ ಹಿಂದೆ ನಿಂತು ಲಿಂಬೆ ಆರಿಸತೊಡಗಿದೆ.

"ಅಜ್ಜಾರ, ಈ ಚೆನ್ನಪ್ಪ ಅನ್ನಾವ್ರು ನಿಮಗ ಗೊತ್ತೇನ್ರಿ?"

"ಗೊತ್ತಾ ಅಂತ ಕೇಳ್ತೀರಾ? ಸುಕನ್ಯಾ ಇದ್ದಾಗಿಂದ ಗೊತ್ತು."

"ಆ ಸುಕನ್ಯಾ ಈಗ ಎಲ್ಲದಾಳ್ರಿ?"

ಅವರ ಊರಿನ ಕನ್ನಡದಲ್ಲಿ ಟಾಕೀಸಿಗೂ ಹಾಗೆಯೇ ಹೇಳುತ್ತಾರೇನೋ ಎಂದುಕೊಂಡೆ. ಪದಗಳ ವಿಷಯದಲ್ಲಿ ನಾನು ಬಹಳ ಜಾಗರೂಕಳು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

"ಈಗ ಎಲ್ಲಿ ಮಾರಾಯ್ರೆ! ಮುಚ್ಚಿ ಹನ್ನೊಂದು ವರ್ಷ ಆಯ್ತು."

"ಮುಚ್ಚಿ?"

"ಮುಚ್ಚದೆ ಎಂತ ಮಾಡೂದು? ವಯಸ್ಸಾಗಿತ್ತು. ಕೊನೆಕೊನೆಗೆ ಯಾರೂ ಹತ್ತಿರ ಬರ್ತಿರ್ಲಿಲ್ಲ. ಧಣಿಗಳಿಗೂ ಬೇಡ ಆಯ್ತು."

"ಮುಚ್ಚೋ ಮುಂದ ಯಾರ್ಯಾರ ಇದ್ರಿ?"

"ಮೂರೇ ಜನ. ಧಣಿಗಳು, ನಾನು, ಚೆನ್ನಪ್ಪಣ್ಣ. ಚೆನ್ನಪ್ಪಣ್ಣ ಕೂಗಿದ್ದೇ ಕೂಗಿದ್ದು. ಕೈಯೆಲ್ಲ ಕರಿ ಮಾಡ್ಕೊಂಡು ಹೊರಗೆ ಬಂದು, ಬ್ಯಾರಿಗಳೇ, ಇದನ್ನ ಯಾರ ಹತ್ರವೂ ಹೇಳ್ಬೇಡಿ ಅಂತ ಕೈ ಮುಗಿದ್ರು. ನಾನು ಇಷ್ಟು ವರ್ಷ ಹೇಳ್ಲಿಲ್ಲ. ನೀವು ಸರ್ಕಾರದವರು ಅಂತ ಹೇಳಿದ್ದು."

ನಮ್ಮಲ್ಲಿ 'ಕೂಗುವುದು' ಎಂದರೆ ಅಳುವುದು. ಗಂಡಸು ಅತ್ತದ್ದನ್ನು ಊರಿಗೆಲ್ಲ ಹೇಳಬಾರದೆಂದು ಇವರು ಕೈ ಮುಗಿದಿದ್ದರು. ಬಾದಾಮಿಯಲ್ಲಿ ಕೂಗುವುದೆಂದರೆ ಬೇರೆ. ಇನ್ನು 'ಮುಚ್ಚುವುದು' ಎಂಬ ಪದದ ಬಗ್ಗೆ ಹೇಳುವುದೇ ಬೇಡ. ಬಾಗಿಲನ್ನು ಮುಚ್ಚುತ್ತಾರೆ, ಬಾಯಿ ಮುಚ್ಚುತ್ತಾರೆ, ಮಣ್ಣು ಹಾಕಿಯೂ ಮುಚ್ಚುತ್ತಾರೆ. ಯಮನೂರಪ್ಪನವರು ಬರೆದುಕೊಂಡದ್ದು ಮೂರನೆಯದು. ಆಗ ನನಗೆ ಕಂಡದ್ದು ಇಷ್ಟೇ: ಅವರು ಶರಬತ್ತನ್ನು ಮುಟ್ಟದೆ ಎದ್ದರು.

ಅಲ್ಲಿಂದ ನಮ್ಮ ಪಕ್ಕದ ಮನೆಯ ಎಡ್ವಿನ್ ಪೊರ್ಬುಗಳ ಜಗಲಿಗೆ ಹೋದರು. ನಮ್ಮ ಕಡೆ ಕ್ರೈಸ್ತರನ್ನು ಪೊರ್ಬುಗಳು ಎನ್ನುವುದು. ಪೊರ್ಬುಗಳು ಪಣಂಬೂರು ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸುಕನ್ಯಾದ ಒಂದು ಆಟವನ್ನೂ ಬಿಟ್ಟವರಲ್ಲ. ನಾನು ನಮ್ಮ ಕಂಪೌಂಡಿನ ಈಚೆ ಬದಿಯಲ್ಲಿ, ಒಣಗಿದ ಬಟ್ಟೆಗಳನ್ನು ಮತ್ತೊಮ್ಮೆ ಒಣಗಿಸುತ್ತಿದ್ದೆ.

"ಚೆನ್ನಪ್ಪ? ಬೆಸ್ಟ್ ಮನುಷ್ಯ," ಎಂದರು ಪೊರ್ಬುಗಳು. "ಒಂದೇ ಒಂದು ಕಂಪ್ಲೇಂಟು. ಕಟ್ ಮಾಡ್ತಿದ್ದ."

"ಕಟ್?"

"ಬ್ಲೇಡಲ್ಲಿ. ಬೇಗ ಮನೆಗೆ ಹೋಗ್ಲಿಕ್ಕುಂಟಲ್ಲಾ. ಒಳ್ಳೊಳ್ಳೆ ಜಾಗವನ್ನೇ ಕಟ್ ಮಾಡಿ ಬಿಸಾಡಿ, ಉಳಿದದ್ದನ್ನು ಅಂಟಿಸ್ತಿದ್ದ. ನನಗೆ ಗೊತ್ತಾಗ್ತಿತ್ತು."

"ಆಮ್ಯಾಲ?" ಯಮನೂರಪ್ಪನವರ ಧ್ವನಿ ಸಣ್ಣದಾಯಿತು.

"ಆಮೇಲೆಂತ? ಡಬ್ಬದಲ್ಲಿ ಹಾಕಿ ಬಸ್ಸಿನ ಮೇಲೆ ಇಟ್ಟು ಉಡುಪಿಗೆ ಕಳಿಸೂದು."

"ಎಷ್ಟು ಡಬ್ಬಿ?"

"ಹದಿನಾಲ್ಕು, ಹದಿನಾರು. ಹಿಂದಿ ಆದ್ರೆ ಹದಿನೆಂಟು."

"ಹಿಂದಿಯವ್ರದೂ ಮಾಡ್ಯಾರೇನ್ರಿ?"

"ಹಿಂದಿಯದ್ದೇ ಜಾಸ್ತಿ! ಅದು ಉದ್ದ ಅಲ್ವಾ?"

ಪೇದೆಯವರ ಪೆನ್ನು ಕೆಳಗೆ ಬಿತ್ತು. "ಈಗ ಸುಕನ್ಯಾ... ಆ ಜಾಗ ಎಲ್ಲಿರಿ?"

"ಅಲ್ಲೇ ಉಂಟಲ್ಲಾ, ಬಜಾರಿನ ಒಳಗೆ. ಮೇಲಿಂದ ಟೈಲ್ಸ್ ಹಾಕಿದ್ದಾರೆ, ಗೊತ್ತಾಗೂದಿಲ್ಲ."

ಮಧ್ಯಾಹ್ನ ನಮ್ಮ ಬೆಲ್ ಒತ್ತಿದರು. ಒಳಗೆ ಮಿಕ್ಸಿ ಗುರ್ರೆಂದಿತು. ಯಮನೂರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದು, ಲಾಠಿ ಗಟ್ಟಿ ಹಿಡಿದು ಕೇಳಿದರು: "ಅಮ್ಮಾರ, ಸುಕನ್ಯಾ ವಿಷಯ ನಿಮಗ ಮದುವಿಗೆ ಮೊದಲ ಗೊತ್ತಿತ್ತೇನ್ರಿ?"

ಪೊಲೀಸರಿಗೆ ಅಳೆದು ಉತ್ತರ ಕೊಡಬೇಕು. ಹೆಚ್ಚೂ ಹೇಳಬಾರದು, ಕಡಿಮೆಯೂ ಹೇಳಬಾರದು. ನಾನು ಅಳೆದೆ. "ಗೊತ್ತಿತ್ತು. ನಮ್ಮ ತಂದೆ ಈ ಸಂಬಂಧಕ್ಕೆ ಒಪ್ಪಿದ್ದೇ ಇವರಿಗೆ ಸುಕನ್ಯಾ ಉಂಟು ಅಂತ."

"ನಿಮ್ಮ ತಂದಿಯವರು? ಒಪ್ಪಿದ್ರು?"

"ಗಟ್ಟಿ ಆಧಾರ ಅಲ್ವಾ? ಮದುವೆ ಆದ ಮಾರನೇ ದಿನವೇ ಇವರು ಸುಕನ್ಯಾಕ್ಕೆ ಹೋದ್ರು. ನಾನು ಎಂತ ಹೇಳೂದು? ಮನೆಗೆ ಅನ್ನ ಅಲ್ಲಿಂದಲೇ ಬರೂದು."

ಆ ಮನುಷ್ಯ ನನ್ನನ್ನು ಬಹಳ ಹೊತ್ತು ನೋಡಿದರು. ಕಣ್ಣಲ್ಲಿ ನೀರಿತ್ತು. "ನೀವು ಭಾಳ ದೊಡ್ಡವರ ಇದ್ದೀರಿ, ಅಮ್ಮಾರ," ಎಂದು ಕೈ ಮುಗಿದು ಹೋದರು. ಸಹಕಾರಿ ಸಂಘದಲ್ಲಿ ಹತ್ತೊಂಬತ್ತು ವರ್ಷಗಳಿಂದ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ವೆರಿಫಿಕೇಶನ್ ಚೆನ್ನಾಗಿ ಆಯಿತೆಂದೇ ತಿಳಿದು, ಇವರು ಬಂದಾಗ ಶಾವಿಗೆ ಪಾಯಸ ಮಾಡಿದೆ.

ಶುಕ್ರವಾರ ಪಾಯಸ ಹುಳಿಯಿತು. ಬೆಳಿಗ್ಗೆ ಎಡ್ವಿನ್ ಪೊರ್ಬುಗಳಿಗೆ ಠಾಣೆಯಿಂದ ಫೋನು: ಚೆನ್ನಪ್ಪನವರು ಊರು ಬಿಟ್ಟು ಹೋಗದಂತೆ ನೋಡಿಕೊಳ್ಳಿ, ಯಾವುದೋ ಹೆಂಗಸಿನ ಕೇಸು ಉಂಟು. ಪೊರ್ಬುಗಳು ಇದನ್ನು ಯಾರಿಗೂ ಹೇಳಲಿಲ್ಲ, ಬ್ಯಾರಿಗಳಿಗೆ ಮಾತ್ರ ಹೇಳಿದರು. ಬ್ಯಾರಿಗಳು ಯಾರಿಗೂ ಹೇಳಲಿಲ್ಲ, ಶರಬತ್ತು ಕುಡಿಯಲು ಬಂದವರಿಗೆ ಮಾತ್ರ ಹೇಳಿದರು. ಸುದ್ದಿ ಬಸ್ಸು ಹತ್ತಿ ಸೇತುವೆ ದಾಟಿತು. ಹನ್ನೊಂದು ಗಂಟೆಗೆ ಇವರ ಅಕ್ಕ, ನಮ್ಮ ಕದ್ರಿ ಅತ್ತಿಗೆ, ಮಿಕ್ಸಿ ತಿರುಗಿಸಿಕೊಂಡು ಒಳಗೆ ಬಂದರು.

"ಎಂತ ಚೆನ್ನಪ್ಪ ಇದು? ಐವತ್ತೇಳು ವರ್ಷಕ್ಕೆ ಹೆಂಗಸಿನ ಕೇಸಾ?"

ಎಲ್ಲರ ಬಾಯಲ್ಲೂ ಬರೀ 'ಹೆಂಗಸು'. ಹೆಸರು ಠಾಣೆಯಲ್ಲೇ ಉಳಿದಿತ್ತು. ಹೆಸರು ಬಂದಿದ್ದರೆ ನಾವೇ ನಕ್ಕು ಮುಗಿಸುತ್ತಿದ್ದೆವು.

"ಹೆಂಗಸಾ?" ಇವರು ಯೋಚಿಸತೊಡಗಿದರು. ಅದೇ ತಪ್ಪು. ನಿರಪರಾಧಿ ಯೋಚಿಸಬಾರದು. ಇವರು ತಲೆಯೆತ್ತಿ ಮಾಡಿನ ಹಂಚುಗಳನ್ನು ನೋಡಿ, ಬೆರಳು ಮಡಚಿ, "ಯಾವ ಹೆಂಗಸು?" ಎಂದರು.

"ಅಂದ್ರೆ ಎಷ್ಟು ಜನ ಉಂಟು?" ಎಂದರು ಅತ್ತಿಗೆ.

"ಇಲ್ಲ ಅಕ್ಕ, ಯಾರೂ ನೆನಪಾಗೂದಿಲ್ಲ."

"ಕೇಳಿದ್ಯಾ ಬಾಗಿ? ನೆನಪಾಗೂದಿಲ್ಲವಂತೆ! ಇಲ್ಲ ಅಂತ ಹೇಳ್ಲಿಲ್ಲ, ಗಮನಿಸು."

ನಾನು ಗಮನಿಸಿದ್ದೆ. ಒಳಗೆ ಹೋಗಿ ಇವರ ಅಂಗಿಗಳ ಕಿಸೆಗಳನ್ನೆಲ್ಲ ತಡವಿದೆ. ಹನ್ನೆರಡು ಸ್ಕ್ರೂಗಳು, ಒಂದು ವಾಷರ್, ಮಿಕ್ಸಿಯ ಒಂದು ಮುಖ್ಯ ಭಾಗ. ಹೆಂಗಸಿನ ಕುರುಹು ಇಲ್ಲ. ಅಷ್ಟರಲ್ಲಿ ಅತ್ತಿಗೆ ಹಜಾರದಲ್ಲಿ, ಕದ್ರಿ ದೇವಸ್ಥಾನದಲ್ಲಿ ಆಣೆ ಮಾಡಿಸುವುದಾಗಿಯೂ, ತಾನು ಇಲ್ಲೇ ಮಲಗುವುದಾಗಿಯೂ ಘೋಷಿಸಿದರು. ಇವರಿಗೆ ಇದ್ದ ಚಿಂತೆ ಒಂದೇ: "ಹೆಂಗಸು ಇರ್ಲಿ, ಹೋಗ್ಲಿ. ಸೋಮವಾರದ ಒಳಗೆ ಪೇಪರ್ ಬರ್ತದಾ ಇಲ್ವಾ?"

ಶನಿವಾರ ಹತ್ತು ಗಂಟೆಗೆ ಠಾಣೆಯಿಂದ ಕರೆ: ಬಜಾರಿಗೆ ಬನ್ನಿ. ಇವರು ಅದನ್ನು ಇಂಟರ್ವ್ಯೂ ಎಂದು ತಿಳಿದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಮುಖಕ್ಕೆ ಪೌಡರು ಹಚ್ಚಿ ಹೊರಟರು. ಹಿಂದೆ ನಾನು, ನನ್ನ ಹಿಂದೆ ಅತ್ತಿಗೆ. ಬಜಾರಿನ ಎದುರು ಪೊಲೀಸ್ ಜೀಪು ನಿಂತಿತ್ತು. ಖಾಲಿ ಕೈಯಲ್ಲಿ ಪೊಲೀಸರ ಮುಂದೆ ನಿಲ್ಲಬಾರದೆಂದು ನಾನು ಬಾಗಿಲಲ್ಲಿ ಒಂದು ಟ್ರಾಲಿ ಎಳೆದುಕೊಂಡೆ.

ಒಳಗೆ, ಗೋಪುರದಂತೆ ಜೋಡಿಸಿಟ್ಟ ಸಾಬೂನಿನ ಹತ್ತಿರ, ಹೊಸ ಸಬ್ ಇನ್ಸ್‌ಪೆಕ್ಟರ್ ನಿಂತಿದ್ದರು. ತುಮಕೂರಿನ ಕಡೆಯವರು, ಇಲ್ಲಿಗೆ ಬಂದು ಒಂಬತ್ತು ದಿನ. ಇನ್ನೂ ಮೀನಿನ ವಾಸನೆಗೇ ಒಗ್ಗಿರಲಿಲ್ಲ. ಪಕ್ಕದಲ್ಲಿ ಯಮನೂರಪ್ಪನವರು ಅಳತೆಯ ಟೇಪು ಹಿಡಿದಿದ್ದರು. ರೂಬನ್ ಬೆವರುತ್ತಿದ್ದ. ಸಾಮಾನು ಕೊಳ್ಳಲು ಬಂದವರೆಲ್ಲ ಮೊಬೈಲು ಎತ್ತಿ ರೀಲ್ಸ್ ಮಾಡುತ್ತಿದ್ದರು.

"ಚೆನ್ನಪ್ಪ ನೀವೇನಾ?" ಎಂದರು ಸಬ್ ಇನ್ಸ್‌ಪೆಕ್ಟರ್. "ನೇರವಾಗಿ ಹೇಳಿ. ಸುಕನ್ಯಾ ಎಲ್ಲಿ?"

ಇವರ ಮುಖ ಅರಳಿತು. ಹನ್ನೊಂದು ವರ್ಷಗಳಲ್ಲಿ ಅಧಿಕಾರಿಯೊಬ್ಬರು ಆ ಹೆಸರು ಕೇಳಿದ್ದು ಇದೇ ಮೊದಲು. ಎದೆ ಉಬ್ಬಿಸಿ ಹೇಳಿದರು: "ನೀವು ನಿಂತದ್ದೇ ಸುಕನ್ಯಾದ ಮೇಲೆ, ಸಾರ್!"

ಸಬ್ ಇನ್ಸ್‌ಪೆಕ್ಟರ್ ಒಂದು ಮಾರು ದೂರ ಹಾರಿದರು.

"ಅಲ್ಲಿಯೂ ಸುಕನ್ಯಾವೇ ಸಾರ್. ಇಲ್ಲಿಂದ ಕುಚ್ಚಲಕ್ಕಿವರೆಗೆ ಪೂರ್ತಿ."

"ಪೂರ್ತಿ?"

"ಮುಖ ರೋಡಿನ ಕಡೆ ಇತ್ತು. ಅದನ್ನ ಒಡೆದು ಗ್ಲಾಸ್ ಹಾಕಿದ್ರು. ಒಳಗಿಂದೆಲ್ಲ ತೆಗೆದು ಗುಜರಿಗೆ ಕೊಟ್ರು. ಎಂಥ ಚಂದ ಇತ್ತು ಸಾರ್! ಆರುನೂರು ಜನ ಒಟ್ಟಿಗೆ ಕೂತ್ಕೊಳ್ತಿದ್ರು."

ಯಮನೂರಪ್ಪನವರ ಕೈಯಿಂದ ಟೇಪು ಸರಕ್ಕನೆ ಒಳಗೆ ಸೇರಿತು. "ಸರ್, ನಾ ಹೇಳಿದ್ನಲ್ರಿ, ಬಾಯಿ ಬಿಡ್ತಾನ ಅಂತ."

"ಅಂಕಲ್," ಎಂದ ರೂಬನ್ ಅಳುದನಿಯಲ್ಲಿ, "ನನ್ನ ಸ್ಟೋರಿನಲ್ಲಿ ಯಾರನ್ನು ಮುಚ್ಚಿದ್ದೀರಿ?"

"ನಾನು ಮುಚ್ಚಿದ್ದಲ್ಲ ಮಾರಾಯ, ಧ‌ಣಿಗಳು ಮುಚ್ಚಿದ್ದು! ನಾನು ಬೇಡ ಬೇಡ ಅಂತ ಕಾಲು ಹಿಡಿದಿದ್ದೆ!"

"ಯಾರ ಕಾಲು?" ಎಂದರು ಸಬ್ ಇನ್ಸ್‌ಪೆಕ್ಟರ್.

ಆಗ ನನಗೆ ಹೊಳೆಯಿತು. ಶರಬತ್ತಿನ ಅಂಗಡಿಯ 'ಎಲ್ಲದಾಳ್ರಿ', ಹದಿನೆಂಟು ಡಬ್ಬಗಳು, ನನಗೆ ಕೈ ಮುಗಿದದ್ದು, ಎಲ್ಲವೂ ಒಟ್ಟಿಗೆ. ಗಾಬರಿಯಲ್ಲಿ ಎರಡೂ ಕೈಗಳನ್ನು ಬಾಯಿಗೆ ಒಯ್ದೆ. ಅಂದರೆ ಟ್ರಾಲಿಯನ್ನು ಬಿಟ್ಟೆ.

ಅದು ಮೊದಲು ಮೆಲ್ಲಗೆ, ಆಮೇಲೆ ಖುಷಿಯಿಂದ, ಇಳಿಜಾರಿನಲ್ಲಿ ಪರದೆಯ ಕಡೆಗೆ ಹೊರಟಿತು. ಪೊಲೀಸರಿಬ್ಬರ ನಡುವೆ ಹಾದು ಸಾಬೂನಿನ ಗೋಪುರಕ್ಕೆ ಹೊಡೆಯಿತು. ಮುನ್ನೂರು ಸಾಬೂನುಗಳು ಉರುಳಿ ನಿಂತ ಮೇಲೆ ಬಜಾರು ಪೂರ್ತಿ ನಿಶ್ಶಬ್ದವಾಯಿತು. ಹೊರಗೆ ಬಸ್ಸು ನಿಂತ ಶಬ್ದ, ಕಂಡಕ್ಟರನ ಕೂಗು ಸ್ಪಷ್ಟವಾಗಿ ಒಳಗೆ ಬಂತು:

"ಟಾಕೀಸ್! ಟಾಕೀಸ್! ಯಾರು ಇಳಿಯೂದು ಟಾಕೀಸ್?"

"ಸುಕನ್ಯಾ!" ಎಂದು ನಾನು ಕಿರುಚಿದೆ. ಜೀವಮಾನದಲ್ಲಿ ಅಷ್ಟು ಜೋರಾಗಿ ಮಾತಾಡಿದವಳಲ್ಲ. "ಸುಕನ್ಯಾ ಟಾಕೀಸ್! ಅದು ಹೆಂಗಸಲ್ಲ ಸಾರ್, ಥಿಯೇಟರ್! ಇವರು ಫಿಲ್ಮ್ ಬಿಡ್ತಿದ್ದದ್ದು!"

ಸಬ್ ಇನ್ಸ್‌ಪೆಕ್ಟರ್ ತಲೆಯೆತ್ತಿ ಬಾಲ್ಕನಿಯನ್ನು ನೋಡಿದರು. ಕುಚ್ಚಲಕ್ಕಿ ಚೀಲಗಳ ಹಿಂದೆ, ಗೋಡೆಯಲ್ಲಿ, ಪ್ರೊಜೆಕ್ಟರಿನ ಎರಡು ಚೌಕ ಕಿಂಡಿಗಳು ಹಾಗೆಯೇ ಇದ್ದವು. ಆಮೇಲೆ ಅವರು ನಿಧಾನವಾಗಿ ಯಮನೂರಪ್ಪನವರ ಕಡೆ ತಿರುಗಿದರು.

"ನೀವು ದಿನಾ ಯಾವ ಸ್ಟಾಪಲ್ಲಿ ಇಳೀತೀರಿ?"

"ಟಾಕೀಸ್, ಸರ್."

"ಟಾಕೀಸ್ ಅಂದ್ರೆ ಏನು?"

"ಬಂದ ಹೊಸದರಾಗ ಹುಡುಕಿದೆ ಸರ್, ಎಲ್ಲೂ ಟಾಕೀಸ ಕಾಣಲಿಲ್ಲ. ಇಲ್ಲಿ ಲೋಬೋ, ಪಾಯಸ್, ಮಸ್ಕರೇನಸ್ ಅಂತ ಮಂದಿ ಅದಾರಲ್ರಿ, ಹಂಗ ಟಾಕೀಸ್ ಅಂತ ಯಾರೋ ಪೊರ್ಬುಗಳ ಮನಿತನ ಇರಬೇಕು ಅಂದ್ಕೊಂಡೆ."

ಅತ್ತಿಗೆ ತಮ್ಮನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಇಷ್ಟಕ್ಕೆ ನಾನು ಎರಡು ಬಸ್ಸು ಹತ್ತಿ ಬಂದದ್ದಾ?" ಎಂದರು. ಸ್ವಲ್ಪ ನಿರಾಶೆಯೇ ಆದಂತಿತ್ತು.

ಆದರೆ ಪ್ರಕರಣ ಅಷ್ಟಕ್ಕೇ ಮುಗಿಯುವಂತಿರಲಿಲ್ಲ. ಯಮನೂರಪ್ಪನವರು ಸುಕನ್ಯಾಳನ್ನು ದಾಖಲೆಯಲ್ಲಿ ಬರೆದಾಗಿತ್ತು. ಬರೆದದ್ದನ್ನು ಹೊಡೆದುಹಾಕುವಂತಿಲ್ಲ, ಮುಂದುವರಿಸಬಹುದು ಅಷ್ಟೇ. ಸೋಮವಾರ ನಾಲ್ಕೂವರೆಗೆ, ರೂಬನ್ ಕಂಪ್ಯೂಟರ್ ಮುಚ್ಚುವ ಅರ್ಧ ಗಂಟೆ ಮೊದಲು, ಪೇಪರ್ ಬಂತು. ನಾನು ನಿಂತಲ್ಲೇ ಮೂರು ಸಲ ಓದಿದೆ: "ಸದರಿ ಸುಕನ್ಯಾ ಎಂಬಾಕೆಯು ಮಹಿಳೆಯಾಗಿರದೆ ಟಾಕೀಸ್ ಆಗಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿರುತ್ತದೆ. ಆಕೆಯನ್ನು ಮುಚ್ಚುವಲ್ಲಿ ಸದರಿ ಚೆನ್ನಪ್ಪರವರ ಕೈವಾಡ ಕಂಡುಬಂದಿರುವುದಿಲ್ಲ. ಆಕ್ಷೇಪಣೆ ಇರುವುದಿಲ್ಲ."

ರೂಬನ್ ಓದಿದ, ಮತ್ತೆ ಓದಿದ, ಹೆಡ್ ಆಫೀಸಿಗೆ ಕಳಿಸಿದ. ಅಲ್ಲಿ ಕೊನೆಯ ಸಾಲನ್ನು ಮಾತ್ರ ಓದುತ್ತಾರಂತೆ. ಕೆಲಸ ಆಯಿತು.

ಮಂಗಳವಾರ ಇವರು ಕ್ಯಾಬಿನ್ ಹತ್ತಿದರು. ಹದಿನಾರು ಟಿವಿಗಳ ಮುಂದೆ ಕುಳಿತವರ ಕೈ, ಮೊದಲ ದಿನವೇ, ಎರಡೂವರೆ ಗಂಟೆಗೆ ಸರಿಯಾಗಿ, ತಾನಾಗಿ ಗೋಡೆಯ ಹಳೆಯ ಸ್ವಿಚ್‌ಬೋರ್ಡಿಗೆ ಹೋಗಿ ಬಜಾರಿನ ದೀಪಗಳನ್ನೆಲ್ಲ ಆರಿಸಿಬಿಟ್ಟಿತು. ಮ್ಯಾಟಿನಿ ಹೊತ್ತು. ಕತ್ತಲಲ್ಲಿ ಬೇಳೆಯ ಕಡೆಯಿಂದ ಯಾರೋ ಸಿಳ್ಳೆ ಹೊಡೆದರಂತೆ. ಎಡ್ವಿನ್ ಪೊರ್ಬುಗಳು ಅದು ತಾನಲ್ಲ ಎನ್ನುತ್ತಾರೆ.

ಸಂಜೆ ಮನೆಗೆ ಬಂದವರ ಕುತ್ತಿಗೆಯಲ್ಲಿ ಹೊಸ ಗುರುತಿನ ಚೀಟಿ ನೇತಾಡುತ್ತಿತ್ತು. ಓದಿದೆ. 'ಚೆನ್ನಪ್ಪ, ಆಪರೇಟರ್.'

"ಎಂತದ್ದರ ಆಪರೇಟರ್ ಅಂತ ಇಲ್ವಲ್ಲ?" ಎಂದೆ.

"ರೂಬನ್ ಸಿಸಿ ಕ್ಯಾಮೆರಾ ಅಂತ ಹಾಕ್ತಿದ್ದ. ನಾನೇ ಬೇಡ ಅಂತ ಹೇಳಿದ್ದು. ಆಪರೇಟರ್ ಅಂದ್ರೆ ಸಾಕು, ಬಾಗಿ. ಯಾರಿಗೆ ಗೊತ್ತಿಲ್ಲ?"

ಹೇಳಿ ಸ್ನಾನಕ್ಕೆ ಹೋದರು. ನಾನು ಚೀಟಿಯನ್ನು ಪ್ಲಾಸ್ಟಿಕ್ಕಿನಿಂದ ಮೆಲ್ಲನೆ ಹೊರಗೆಳೆದು, 'ಆಪರೇಟರ್' ಎಂಬುದರ ಮೊದಲು ಸಣ್ಣ ಅಕ್ಷರದಲ್ಲಿ 'ಸಿಸಿ ಕ್ಯಾಮೆರಾ' ಎಂದು ಬರೆದೆ. ಕೊನೆಯಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದಿತ್ತು. ಯಾವುದಕ್ಕೂ ಇರಲಿ ಎಂದು 'ಟಾಕೀಸ್' ಎಂದೂ ಸೇರಿಸಿದೆ.